ಶ್ರೀನಿವಾಸಪುರದ ನೀರೂ ಸೊಂಟದ ಕೀಲಿನ ಚಿತ್ರಣವೂ

ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲವೆಂಬುದು ವಾಚಕರಿಗೆ ವಿದಿತವಾದ ವಿಷಯ. ಪಾಪನಪಲ್ಲಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟು ಅದನ್ನು ಶ್ರೀನಿವಾಸಪುರವೆಂದು ಕರೆದ ಕಾಲದಲ್ಲಿಯೂ, ಅದಕ್ಕೆ ಬಹು ಹಿಂದಿನಿಂದಲೂ, ಇಲ್ಲಿನವರು ಕೆರೆಯನ್ನೂ ಕಪಿಲೆಯ ಬಾವಿಯನ್ನೂ ನಂಬಿ ಬಾಳಿದವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಬಾವಿಗಳು ಬತ್ತಿ, ಕೊಳವೆಬಾವಿಗಳು ಕ್ರಮೇಣ ಸಾವಿರ ಅಡಿಯನ್ನೂ ಮೀರಿ ಕೆಳಗಿಳಿದುವು. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿ ಫ್ಲೋರೈಡು ಕರಗಿರುವುದುಂಟು; ಲೀಟರಿಗೆ 1.5 ಮಿಲಿಗ್ರಾಮಿನ ಮೇರೆಯನ್ನು ದಾಟಿದ ಬಾವಿಗಳು ಈ ತಾಲ್ಲೂಕಿನಲ್ಲಿಯೂ ನೆರೆಯ ಮುಳಬಾಗಿಲಿನಲ್ಲಿಯೂ ಕಂಡುಬಂದಿವೆ. ಈ ನೀರಿಗೂ, ಸೊಂಟದಲ್ಲಿ ಕೂರಿಸಿದ ಕೃತಕ ಕೀಲನ್ನು ಪರೀಕ್ಷಿಸುವ ಇಂದಿನ ವಿದ್ಯೆಗೂ ಇರುವ ಸಂಬಂಧವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ನೆಲ್ಲೂರು ಜಿಲ್ಲೆಯಲ್ಲಿ ಕಡಲನ್ನು ಸೇರುತ್ತದೆ. ಆ ಜಿಲ್ಲೆಯಲ್ಲಿಯೇ, ಕ್ರಿ. ಶ. 1937ರಲ್ಲಿ, ಷಾರ್ಟ್ ಮತ್ತು ಅವರ ಸಹಕಾರಿಗಳು ಮೂಳೆಯ ಫ್ಲೋರೋಸಿಸ್ ರೋಗವನ್ನು ನಮ್ಮ ದೇಶದಲ್ಲಿ ಮೊದಲಾಗಿ ವಿವರಿಸಿದರು. ಬೆನ್ನೆಲುಬು ಕೋಲಿನಂತೆ ಸೆಟೆದು, ಸ್ನಾಯುಬಂಧಗಳು ಸುಣ್ಣಗಟ್ಟಿ, ಸೊಂಟದ ಕೀಲು ಬಿಗಿದು, ರೋಗಿಯು ಕುಳಿತೇಳಲಾರದೆ ಹೋಗುತ್ತಾನೆ. ಮೂಳೆಯು ಎಕ್ಸ್‌ರೇ ಪಟದಲ್ಲಿ ದಟ್ಟವಾಗಿ ಕಾಣುತ್ತದೆ. ಆದರೆ ದಟ್ಟವಾದುದೆಲ್ಲ ಬಲವಾದುದಲ್ಲ, ಅದು ಪೆಡಸು.

ಮೂಳೆಗೆ ಫ್ಲೋರೈಡಿನ ಮೇಲಿರುವ ಈ ಒಲವನ್ನೇ ವೈದ್ಯವಿಜ್ಞಾನವು ಬಳಿಕ ತನ್ನ ಉಪಯೋಗಕ್ಕೆ ತಿರುಗಿಸಿಕೊಂಡಿತು. 1962ರಲ್ಲಿ ಬ್ಲೌ ಮತ್ತು ಸಂಗಡಿಗರು ವಿಕಿರಣಶೀಲ ಫ್ಲೋರಿನ್-18ನ್ನು ಮೂಳೆಯ ಚಿತ್ರಣಕ್ಕೆ ಬಳಸಿದರು. ರಕ್ತದಲ್ಲಿ ಬಿಟ್ಟ ಅಲ್ಪಾಂಶವು ಹೊಸದಾಗಿ ಕಟ್ಟುತ್ತಿರುವ ಮೂಳೆಯ ಖನಿಜಕ್ಕೆ ಸೇರಿ, ಆ ಸ್ಥಳವನ್ನು ಹೊರಗಿನ ಯಂತ್ರಕ್ಕೆ ತೋರಿಸಿಕೊಡುತ್ತದೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ ಮಾತ್ರ. ದೂರಕ್ಕೆ ಸಾಗಿಸುವುದು ಕಷ್ಟ. ಆದಕಾರಣ 1971ರಲ್ಲಿ ಸುಬ್ರಮಣಿಯನ್ ಮತ್ತು ಮೆಕಾಫಿಯವರು ಟೆಕ್ನೀಷಿಯಂನ ಫಾಸ್ಫೇಟ್ ಸಂಯುಕ್ತವನ್ನು ಸೂಚಿಸಿದಾಗ ಆಸ್ಪತ್ರೆಗಳು ಅದನ್ನೇ ಹಿಡಿದುವು. ಟೆಕ್ನೀಷಿಯಮ್ಮಿನ ಅರ್ಧಾಯುಷ್ಯ ಆರು ಗಂಟೆ. ಮಾಲಿಬ್ಡಿನಂ ತುಂಬಿದ ಪಾತ್ರೆಯಿಂದ ಅದನ್ನು ದಿನವೂ ತೆಗೆಯಬಹುದು. ಆ ಪಾತ್ರೆಗೆ ವಿಜ್ಞಾನಿಗಳು ‘ಹಸು’ವೆಂದೂ, ತೆಗೆಯುವುದಕ್ಕೆ ‘ಹಾಲು ಕರೆಯುವುದು’ ಎಂದೂ ಹೆಸರಿಟ್ಟುಕೊಂಡಿರುವುದು ನಮ್ಮ ಭಾಷೆಯವರಿಗೆ ವಿಚಿತ್ರವಾಗಿ ತೋರಲಾರದು.

ಇತ್ತ 1962ರಲ್ಲಿಯೇ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿಯವರು ಲೋಹದ ಗುಂಡಿಗೆ ಪಾಲಿಎಥಿಲೀನಿನ ಬಟ್ಟಲನ್ನು ಜೋಡಿಸಿದರು. ಅದಕ್ಕೆ ಮೊದಲು ಅವರು ಬಳಸಿದ್ದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದು, ಅದರ ಪುಡಿಯಿಂದ ಸುತ್ತಲಿನ ಮಾಂಸಮೂಳೆಗಳು ಕೆಟ್ಟು, ಸುಮಾರು ಮುನ್ನೂರು ಕೀಲುಗಳ ಶ್ರಮ ವ್ಯರ್ಥವಾಗಿತ್ತು. ಕೀಲು ಸಡಿಲವಾಗುವ ಪ್ರಶ್ನೆಗೆ ನಿಖರತೆಯನ್ನು ತಂದವರು ಸ್ವೀಡನ್ನಿನ ಸೆಲ್ವಿಕ್. ಮೂಳೆಯಲ್ಲಿ ಟಾಂಟಲಂ ಲೋಹದ ಸಣ್ಣ ಮಣಿಗಳನ್ನು ನೆಟ್ಟು, ಎರಡು ಕಡೆಯಿಂದ ಎಕ್ಸ್‌ರೇ ತೆಗೆದು, ಮಿಲಿಮೀಟರಿನ ದಶಾಂಶಗಳಷ್ಟು ಚಲನವನ್ನೂ ಅಳೆಯುವ ಕ್ರಮವನ್ನು ಅವರು 1974ರಲ್ಲಿ ಪ್ರಬಂಧರೂಪದಲ್ಲಿ ಮುಂದಿಟ್ಟರು.

ಕೀಲು ಸರಿದಿದೆಯೆಂದು ಇದರಿಂದ ತಿಳಿಯುತ್ತದೆ. ಏಕೆ ಸರಿಯಿತೆಂಬುದು ತಿಳಿಯದು. ಬರಿಯ ಸವೆತದಿಂದ ಸಡಿಲಿಸಿದ್ದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಬದಲಾಯಿಸಬಹುದು. ಸೋಂಕು ಹೊಕ್ಕಿದ್ದರೆ ಅನೇಕ ವೇಳೆ ಲೋಹವನ್ನೆಲ್ಲ ಕಿತ್ತು, ವಾರಗಟ್ಟಲೆ ಔಷಧ ಕೊಟ್ಟು, ಮತ್ತೆ ಕೊಯ್ಯಬೇಕಾಗುತ್ತದೆ. ಮುದಿ ದೇಹಕ್ಕೆ ಇವೆರಡರ ಅಂತರವು ಸಣ್ಣದಲ್ಲ. ಟೆಕ್ನೀಷಿಯಂ ಚಿತ್ರವು ಎರಡನ್ನೂ ಬೆಳಕಾಗಿಯೇ ತೋರಿಸುತ್ತದೆ. ನಿರಪಾಯವಾಗಿ ಕುಳಿತ ಕೀಲಿನ ಸುತ್ತಲೂ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಆ ಬೆಳಕು ಉಳಿದಿರುತ್ತದೆ. ಆದುದರಿಂದ 1976-77ರ ಸುಮಾರಿಗೆ ಠಾಕೂರ್ ಮತ್ತು ಸಂಗಡಿಗರು ರೋಗಿಯ ಬಿಳಿಯ ರಕ್ತಕಣಗಳಿಗೇ ಇಂಡಿಯಂ-111ನ್ನು ಅಂಟಿಸಿ ಮರಳಿ ಒಳಗೆ ಬಿಡುವ ವಿಧಾನವನ್ನು ಸಿದ್ಧಪಡಿಸಿದರು. ಕಣಗಳು ಸೋಂಕಿದ್ದೆಡೆಗೆ ಧಾವಿಸುತ್ತವೆ. ಆದರೆ ಅವು ಮಜ್ಜೆಯಲ್ಲಿಯೂ ಸೇರುತ್ತವೆ, ಲೋಹವನ್ನು ಕೂರಿಸುವಾಗ ಮಜ್ಜೆಯು ಸ್ಥಾನಪಲ್ಲಟವಾಗಿರುತ್ತದೆ. ಅದಕ್ಕೆಂದು ಮಜ್ಜೆಯ ಚಿತ್ರವೊಂದನ್ನು ಪ್ರತ್ಯೇಕವಾಗಿ ತೆಗೆದು ಹೋಲಿಸುವುದು ಬಳಕೆಗೆ ಬಂದಿತು.

ನಮ್ಮ ಸೀಮೆಯ ವಿಶೇಷವು ಇಲ್ಲಿಯೇ ಇದೆ. ಫ್ಲೋರೋಸಿಸ್ ಇದ್ದವರಲ್ಲಿ ಅಸ್ಥಿಪಂಜರವೆಲ್ಲವೂ ಟೆಕ್ನೀಷಿಯಂ ಔಷಧವನ್ನು ಹೆಚ್ಚಾಗಿ ಹೀರಿ, ಚಿತ್ರಪಟದಲ್ಲಿ ಒಂದೇ ಸಮನೆ ಪ್ರಜ್ವಲಿಸುವುದುಂಟು. ಸುತ್ತೆಲ್ಲ ಬೆಳಗಿರುವಾಗ ಕೀಲಿನ ಬಳಿಯ ಬೆಳಕನ್ನು ಬೇರ್ಪಡಿಸಿ ಓದುವುದು ಹೇಗೆ? ಇಂಥ ರೋಗಿಯ ಪಟವನ್ನು ನೋಡುವ ಮೊದಲು ಆತನು ಯಾವ ಊರಿನವನು, ಎಷ್ಟು ವರ್ಷ ಯಾವ ಬಾವಿಯ ನೀರು ಕುಡಿದನೆಂದು ಕೇಳುವುದು ಅನಾವಶ್ಯಕ ಕುತೂಹಲವಲ್ಲವೆಂದು ನಮ್ಮ ಅಭಿಪ್ರಾಯ. ಇಲ್ಲಿ ಬಿಳಿಯ ಕಣಗಳ ಪರೀಕ್ಷೆಯೂ ಕೀಲಿನ ದ್ರವದ ಪರೀಕ್ಷೆಯೂ ಹೆಚ್ಚು ನೆಚ್ಚತಕ್ಕವು.

2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಕೋರಮಂಗಲ-ಚಲ್ಲಘಟ್ಟ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅದು ಕುಡಿಯುವ ನೀರಲ್ಲ, ಅಂತರ್ಜಲವನ್ನು ತುಂಬಿಸತಕ್ಕದ್ದು. ಬಾವಿಯ ನೀರು ಸುಧಾರಿಸಿದರೂ, ಮೂಳೆಯಲ್ಲಿ ಒಮ್ಮೆ ಕೂಡಿದ ಫ್ಲೋರೈಡು ಹೊರಬರಲು ಅನೇಕ ವರ್ಷಗಳು ಹಿಡಿಯುತ್ತವೆ. ಬಾಲ್ಯದಿಂದ ಕೊಳವೆಬಾವಿಯ ನೀರನ್ನು ಕುಡಿದವರು ಸೊಂಟದ ಕೀಲಿಗಾಗಿ ಆಸ್ಪತ್ರೆಗೆ ಬರುವ ವಯಸ್ಸು ಈಗ ಸಮೀಪಿಸುತ್ತಿದೆ.