ಕುರ್ಚಿ ನಮ್ಮದು, ಕೂರಿಸುವ ಕೈ ಯಾರದು?



ಮಂಡಳಿಗಳಲ್ಲಿ, ಸಮಿತಿಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂತ ನಾವು ಯಾವಾಗ್ಲೂ ಲೆಕ್ಕ ಹಾಕ್ತೀವಿ. ಹಾಕಲೇಬೇಕು. ಆದರೆ ಅಮೆರಿಕದ ಕಪ್ಪು ಜನರ ವಿಶ್ವವಿದ್ಯಾಲಯಗಳ ಇತಿಹಾಸ ಓದ್ತಾ ಓದ್ತಾ ನನಗೆ ಇನ್ನೊಂದು ಪ್ರಶ್ನೆ ದೊಡ್ಡದಾಗಿ ಕಾಣ್ತಿದೆ. ಆ ಕುರ್ಚಿಗೆ ನಮ್ಮವರನ್ನು ಆರಿಸೋದು ಯಾರು? ಬೇಡವಾದಾಗ ಎಬ್ಬಿಸೋದು ಯಾರು?

ಟೆನೆಸ್ಸೀ ರಾಜ್ಯದ ನ್ಯಾಶ್ವಿಲ್ ನಗರದ ಕಥೆ ಹೇಳ್ತೀನಿ, ಸ್ವಲ್ಪ ಸಮಾಧಾನದಿಂದ ಓದಿ.

ಬಿಳಿಯರ ಕಾಲೇಜುಗಳ ಬಾಗಿಲು ಕಪ್ಪು ಮಕ್ಕಳಿಗೆ ಮುಚ್ಚಿದ್ದ ಕಾಲದಲ್ಲಿ, 1912ರಲ್ಲಿ, ಅವರಿಗಾಗಿ ಸರ್ಕಾರವೇ ಅಲ್ಲೊಂದು ಶಾಲೆ ತೆರೆಯಿತು. ಇವತ್ತಿನ ಟೆನೆಸ್ಸೀ ಸ್ಟೇಟ್ ಯೂನಿವರ್ಸಿಟಿ ಅದೇ. ಕಲಿಯೋರು, ಕಲಿಸೋರು ಕಪ್ಪು ಜನ. ಹಣದ ಗಂಟಿನ ದಾರ ಮಾತ್ರ ರಾಜ್ಯದ ಆಳುವವರ ಕೈಯಲ್ಲಿ.

1968ರಲ್ಲಿ ಅದೇ ಊರಲ್ಲಿ ಬಿಳಿಯರ ಪ್ರಾಬಲ್ಯದ ಟೆನೆಸ್ಸೀ ವಿಶ್ವವಿದ್ಯಾಲಯ ತನ್ನ ಕೇಂದ್ರವನ್ನು ವಿಸ್ತರಿಸಲು ಹೊರಟಿತು. ಒಂದೇ ಊರಲ್ಲಿ ಎರಡು ಸರ್ಕಾರಿ ವಿವಿ, ಒಂದು ಬಿಳಿ, ಒಂದು ಕಪ್ಪು. ಯಾವುದು ಬೆಳೆಯುತ್ತೆ, ಯಾವುದು ಸೊರಗುತ್ತೆ ಅಂತ ಯಾರಾದ್ರೂ ಊಹಿಸಬಹುದಿತ್ತು. ಟೆನೆಸ್ಸೀ ಸ್ಟೇಟ್‌ನಲ್ಲಿ ಪಾಠ ಮಾಡ್ತಿದ್ದ ರೀಟಾ ಸ್ಯಾಂಡರ್ಸ್ ಎಂಬ ಯುವತಿ ಕೋರ್ಟಿಗೆ ಹೋದರು. 1977ರಲ್ಲಿ ತೀರ್ಪು ಬಂತು: ಎರಡೂ ಒಂದಾಗಬೇಕು, ಉಳಿಯಬೇಕಾದ್ದು ಕಪ್ಪು ಜನರ ವಿವಿಯೇ. 1979ರಲ್ಲಿ ವಿಲೀನವೂ ಆಯಿತು. ಬಿಳಿಯರ ಸಂಸ್ಥೆ ಕಪ್ಪು ಜನರ ಸಂಸ್ಥೆಯೊಳಗೆ ಸೇರಿದ್ದು ಸಣ್ಣ ಮಾತಲ್ಲ!

ಗೆಲುವು ಕಾಗದದ ಮೇಲಿತ್ತು, ಹಣ ಬರಲಿಲ್ಲ. ಕೃಷಿ ಶಿಕ್ಷಣ, ಸಂಶೋಧನೆಗೆ ಕೇಂದ್ರ ಸರ್ಕಾರ ಕೊಡುವ ಹಣಕ್ಕೆ ರಾಜ್ಯವೂ ತನ್ನ ಪಾಲು ಸೇರಿಸಬೇಕು. ಕಪ್ಪು ವಿವಿಯ ಪಾಲನ್ನು ದಶಕಗಟ್ಟಲೆ ಸೇರಿಸಲೇ ಇಲ್ಲ. ಈ ಬಾಕಿಯನ್ನು ಅಗೆದು ತೆಗೆದವರು ಯಾರು ಗೊತ್ತಾ? ಒಬ್ಬ ಹಳೆ ವಿದ್ಯಾರ್ಥಿ. ಶಾಸಕ ಹೆರಾಲ್ಡ್ ಲವ್ ಜೂನಿಯರ್. ಅವರ ತಂದೆಯೂ ಶಾಸಕರಾಗಿದ್ದವರು, 1970ರ ದಶಕದಲ್ಲೇ ಇದೇ ಪ್ರಶ್ನೆ ಎತ್ತಿದ್ದವರು. 2021ರಲ್ಲಿ ಮಗ ನೇತೃತ್ವ ವಹಿಸಿದ್ದ ಶಾಸಕರ ಸಮಿತಿಯ ಮುಂದೆ ಲೆಕ್ಕ ಬಂತು: ಬಾಕಿ 15 ಕೋಟಿಯಿಂದ 54.4 ಕೋಟಿ ಡಾಲರ್. ಮರುವರ್ಷ ರಾಜ್ಯ 25 ಕೋಟಿ ಡಾಲರ್ ಒಪ್ಪಿಕೊಂಡಿತು. 2023ರಲ್ಲಿ ಕೇಂದ್ರದ ಶಿಕ್ಷಣ ಮತ್ತು ಕೃಷಿ ಇಲಾಖೆಗಳ ಮುಖ್ಯಸ್ಥರು ಗವರ್ನರ್‌ಗೆ ಪತ್ರ ಬರೆದರು. 30 ವರ್ಷಗಳಲ್ಲಿ ಈ ವಿವಿಗೆ ತಪ್ಪಿಸಿದ್ದು ಸುಮಾರು 210 ಕೋಟಿ ಡಾಲರ್ ಅಂತ ಅದರಲ್ಲಿತ್ತು.

ಇದಕ್ಕೇ ನಾನು ಹಳೆ ವಿದ್ಯಾರ್ಥಿಗಳ ಪ್ರಾತಿನಿಧ್ಯ ಮುಖ್ಯ ಅನ್ನೋದು. ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಹೊರಟು ಹೋಗ್ತಾನೆ. ಕುಲಪತಿ ಬದಲಾಗ್ತಾರೆ. ಸರ್ಕಾರ ಬಿದ್ದು ಇನ್ನೊಂದು ಬರುತ್ತೆ. ಸೋರುತ್ತಿದ್ದ ಹಾಸ್ಟೆಲಿನ ನೆನಪು, ಬಾರದ ಹಣದ ಲೆಕ್ಕ ಉಳಿಯೋದು ಅಲ್ಲಿ ಓದಿದವರ ಬಳಿ. ಅಪ್ಪನಿಂದ ಮಗನಿಗೆ ದಾಟುವ ನೆನಪು ಅದು.

ಕಾನೂನೂ ಇದನ್ನು ಒಪ್ಪಿತ್ತು. 2016ರ ಕಾಯ್ದೆ ಈ ವಿವಿಗೆ ತನ್ನದೇ ಆಡಳಿತ ಮಂಡಳಿ ಕೊಟ್ಟಿತು. ಗವರ್ನರ್ ನೇಮಿಸುವ ಎಂಟು ಜನರಲ್ಲಿ ಕನಿಷ್ಠ ಮೂವರು ಹಳೆ ವಿದ್ಯಾರ್ಥಿಗಳಿರಬೇಕು ಅಂತಲೂ ಬರೆದಿತ್ತು. ಓದೋಕೆ ಚೆನ್ನಾಗಿದೆ ಅಲ್ವಾ? ಆದರೆ "ಗವರ್ನರ್ ನೇಮಿಸುವ" ಅನ್ನೋ ಎರಡು ಪದ ನೋಡಿ.

2024ರ ಮಾರ್ಚ್ 28. ರಿಪಬ್ಲಿಕನ್ ಬಹುಮತದ ಶಾಸನಸಭೆ ಆ ಮಂಡಳಿಯನ್ನು ತೆರವು ಮಾಡುವ ಮಸೂದೆ ಪಾಸು ಮಾಡಿತು. ಗವರ್ನರ್ ಬಿಲ್ ಲೀ ಅದೇ ದಿನ ಸಹಿ ಹಾಕಿದರು, ಅದೇ ದಿನ ಹೊಸ ಎಂಟು ಹೆಸರು ಘೋಷಿಸಿದರು. ಹಣಕಾಸು ನಿರ್ವಹಣೆ, ವಿದ್ಯಾರ್ಥಿವೇತನ, ವಸತಿ ವ್ಯವಸ್ಥೆಯಲ್ಲಿ ಲೋಪ ಇದೆ ಅನ್ನೋದು ಕೊಟ್ಟ ಕಾರಣ. ಲೋಪಗಳು ಇದ್ದವು, ಮುಚ್ಚಿಡೋದು ಬೇಡ. ಆದರೆ ಆಡಿಟ್‌ನಲ್ಲಿ ವಂಚನೆ ಕಂಡುಬಂದಿರಲಿಲ್ಲ. 210 ಕೋಟಿಯ ಪತ್ರ ಬಂದು ಆರು ತಿಂಗಳಷ್ಟೇ ಆಗಿತ್ತು. ಬಾಕಿ ಉಳಿಸಿಕೊಂಡ ಆರೋಪ ಹೊತ್ತ ಸರ್ಕಾರವೇ, ಬಾಕಿ ಕೇಳಬೇಕಾದ ಮಂಡಳಿಯನ್ನು ಮನೆಗೆ ಕಳಿಸಿತು!

ಹೊಸ ಮಂಡಳಿಯಲ್ಲೂ ಹಳೆ ವಿದ್ಯಾರ್ಥಿಗಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆ ಕೆಲಸವನ್ನೂ ಮಾಡಬಹುದು. ನನ್ನ ಪ್ರಶ್ನೆ ವ್ಯಕ್ತಿಗಳದ್ದಲ್ಲ. ಒಂದು ಸಹಿಯಿಂದ ಬಂದವರು ಆ ಸಹಿ ಹಾಕಿದವರ ಹತ್ತಿರ ಬಾಕಿ ಕೇಳೋದು ಹೇಗೆ?

ಇದೇ ನ್ಯಾಶ್ವಿಲ್‌ನ ಫಿಸ್ಕ್ ವಿವಿಯಲ್ಲಿ ಓದಿದವರು ಡಬ್ಲ್ಯೂ. ಇ. ಬಿ. ಡುಬಾಯ್ಸ್. 1924ರಲ್ಲಿ ಅವರು ಅಲ್ಲಿನ ಬಿಳಿ ಅಧ್ಯಕ್ಷರ ದಬ್ಬಾಳಿಕೆಯನ್ನು ಫಿಸ್ಕ್‌ನಲ್ಲೇ ನಿಂತು ಖಂಡಿಸಿದರು. ಹಳೆ ವಿದ್ಯಾರ್ಥಿಗಳು ಜೊತೆಯಾದರು, ವಿದ್ಯಾರ್ಥಿಗಳು ಮುಷ್ಕರ ಹೂಡಿದರು. 1925ರಲ್ಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಡುಬಾಯ್ಸ್‌ರನ್ನು ಯಾರೂ ನೇಮಿಸಿರಲಿಲ್ಲ, ಹಾಗಾಗಿ ಯಾರೂ ಕಿತ್ತುಹಾಕೋಕೂ ಆಗಲಿಲ್ಲ.

1946ರಲ್ಲಿ ಬಾಬಾಸಾಹೇಬರು ಪತ್ರ ಬರೆದದ್ದು ಇದೇ ಡುಬಾಯ್ಸ್‌ಗೆ. ಆ ಹೊತ್ತಿಗೆ ಬಾಬಾಸಾಹೇಬರಿಗೆ ಈ ಪಾಠ ಚೆನ್ನಾಗಿ ಗೊತ್ತಿತ್ತು. 1932ರ ಪೂನಾ ಒಪ್ಪಂದದಲ್ಲಿ ನಮಗೆ 148 ಸೀಟು ಸಿಕ್ಕವು. ಸಂಖ್ಯೆ ಹೆಚ್ಚಾಯಿತು, ಕೊನೆಯ ಆಯ್ಕೆ ಮಾತ್ರ ನಮ್ಮ ಕೈ ತಪ್ಪಿತು.

ಹಾಗಾಗಿ ಗೆಳೆಯರೇ, ಯಾವುದೇ ಮಂಡಳಿಯಲ್ಲಿ ನಮ್ಮವರ ಹೆಸರು ಕಂಡಾಗ ಖುಷಿಪಡೋಣ. ಆಮೇಲೆ ಆ ಪಟ್ಟಿಯ ಕೆಳಗೆ ಸಹಿ ಯಾರದ್ದು ಅಂತಲೂ ನೋಡೋಣ. ಹಳೆ ವಿದ್ಯಾರ್ಥಿಗಳ ಪ್ರತಿನಿಧಿಯನ್ನು ಹಳೆ ವಿದ್ಯಾರ್ಥಿಗಳೇ ಆರಿಸಲಿ.

ಜೈ ಭೀಮ್.