ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳು: ದರ್ಶನದಿಂದ ಅಧ್ಯಯನಕ್ಕೆ

ಮೂಡಬಿದಿರೆಯ ಗುರುಬಸದಿಯನ್ನು ಸಿದ್ಧಾಂತ ಬಸದಿಯೆಂದೂ ಕರೆಯುವುದುಂಟು. ಧವಲ, ಜಯಧವಲ, ಮಹಾಧವಲಗಳೆಂಬ ತಾಡವಾಲೆ ಗ್ರಂಥಗಳು ಅಲ್ಲಿ ಶತಮಾನಗಳ ಕಾಲ ಉಳಿದುಬಂದುದೇ ಈ ಹೆಸರಿಗೆ ಕಾರಣ. ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಟೀಕೆ ಧವಲ. ಕಸಾಯಪಾಹುಡದ ಟೀಕೆಯಾದ ಜಯಧವಲವನ್ನು ಆರಂಭಿಸಿದವರೂ ಅವರೇ. ಪೂರ್ಣಗೊಳಿಸಿದವರು ಶಿಷ್ಯರಾದ ಜಿನಸೇನರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಲವೆಂಬ ಹೆಸರು ರೂಢಿಯಲ್ಲಿದೆ. ಮೂಲದ ಭಾಷೆ ಪ್ರಾಕೃತ. ಓಲೆಗಳ ಲಿಪಿ ಹಳಗನ್ನಡ. ಉತ್ತರದ ಪಂಡಿತರಿಗೆ ಲಿಪಿ ಬಾರದು, ಲಿಪಿ ಬಲ್ಲ ಸ್ಥಳೀಯರಲ್ಲಿ ಪ್ರಾಕೃತ ಬಲ್ಲವರು ವಿರಳ.

ಈ ಓಲೆಗಳ ಹಿಂದೆ ಸ್ತ್ರೀಯರ ಶಾಸ್ತ್ರದಾನವಿದೆ. ಮಹಾಬಂಧದ ಪ್ರತಿಯನ್ನು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ. ದಾನವಾಗಿ ಬಂದ ಗ್ರಂಥ ಕಾಲಕ್ರಮದಲ್ಲಿ ಪೂಜಾವಸ್ತುವಾಯಿತು. ಯಾತ್ರಿಕರು ಓಲೆಕಟ್ಟಿನ ದರ್ಶನ ಪಡೆದು ಕೈಮುಗಿದು ಹಿಂದಿರುಗುತ್ತಿದ್ದರು. ಇದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಅನ್ಯಾಯ. ಆ ಭಕ್ತಿಯಿಲ್ಲದಿದ್ದರೆ ತುಳುನಾಡಿನ ಮಳೆ, ಗೆದ್ದಲುಗಳ ನಡುವೆ ಇವು ಉಳಿಯುತ್ತಲೇ ಇರಲಿಲ್ಲ. ಆದರೆ ಓದದ ಗ್ರಂಥವೂ ಓಲೆಯೊಡನೆ ಸವೆಯುತ್ತದೆಂಬ ಆತಂಕ 19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಮಾಣಿಕಚಂದ, ಸೊಲ್ಲಾಪುರದ ಹೀರಾಚಂದ ನೇಮಚಂದರಂಥ ಶ್ರಾವಕರನ್ನು ಕಾಡಿತು. ಅವರ ಪ್ರಯತ್ನದಿಂದ ಪ್ರತಿಮಾಡುವ ಕಾರ್ಯ ಮೊದಲಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು.

ಪ್ರತಿಗಳು ಊರಿನ ಹೊರಗೆ ಹೋಗಕೂಡದೆಂಬುದು ಭಂಡಾರದವರ ನಿಲುವಾಗಿತ್ತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನ್ಪುರವನ್ನು ಸೇರಿ, ನಾಗರಿಗೆ ಇಳಿದು, ಅಲ್ಲಿಂದ ಮತ್ತೆ ಹಲವು ಪ್ರತಿಗಳಾಗಿ ಹಬ್ಬಿತು. ವಿಶ್ವಾಸಭಂಗವೆಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೂ ಮುಂದಿನ ಸಂಪಾದನೆಯೆಲ್ಲ ನಿಂತಿರುವುದು ಆ ದಂಪತಿಗಳ ಬರವಣಿಗೆಯ ಮೇಲೆಯೇ.

ಡಾ. ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಧವಲಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದಾಗ ಅವರ ಮುಂದಿದ್ದುದು ಇಂಥ ಪ್ರತಿಯ ಪ್ರತಿಗಳು ಮಾತ್ರ. ಅವರ ಸಹಕಾರಿಗಳಲ್ಲಿ ಸದಲಗದ ಡಾ. ಆ. ನೇ. ಉಪಾಧ್ಯೆ ಒಬ್ಬರು. ಆ ಸಂಪುಟದ 93ನೆಯ ಸೂತ್ರದಲ್ಲಿ, ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಹೇಳುವೆಡೆ, 'ಸಂಜದ' ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಜದ ಎಂದರೆ ಸಂಯತ, ಪೂರ್ಣ ಮಹಾವ್ರತಿ. ಸ್ತ್ರೀಯ ದೇಹದಲ್ಲಿ ಮುಕ್ತಿಯಿಲ್ಲವೆಂಬ ದಿಗಂಬರ ನಿಲುವಿಗೆ ಈ ಒಂದು ಪದ ಪ್ರಶ್ನೆಯಾಗಿ ನಿಂತಿತು. ಸಂಪಾದಕರೇ ಪದವನ್ನು ಸೇರಿಸಿ ಮೂಲವನ್ನು ಕೆಡಿಸುತ್ತಿದ್ದಾರೆಂಬ ವಿರೋಧ ಎದ್ದಿತು.

ಅಷ್ಟರಲ್ಲಿ ಮೂಡಬಿದಿರೆಯವರ ಮನಸ್ಸೂ ಬದಲಾಗಿತ್ತು. ಮುದ್ರಿತ ಗ್ರಂಥವನ್ನು ಕಂಡ ಮೇಲೆ, ಅಲ್ಲಿ ಮೂಲದೊಡನೆ ಪಾಠ ಹೋಲಿಸಲು ಒಪ್ಪಿಗೆ ದೊರೆಯಿತು. ತಾಡವಾಲೆಯಲ್ಲಿ 'ಸಂಜದ' ಇದ್ದೇ ಇತ್ತು! ಪ್ರತಿಕಾರರ ಕಣ್ಣು ತಪ್ಪಿ ಜಾರಿದ್ದ ಪದವನ್ನು ಸಂಪಾದಕರು ಅರ್ಥದ ಬಲದಿಂದಲೇ ಗುರುತಿಸಿದ್ದರು. ಅದು ಭಾವಸ್ತ್ರೀಯನ್ನು ಕುರಿತದ್ದೇ ಹೊರತು ದ್ರವ್ಯಸ್ತ್ರೀಯನ್ನಲ್ಲವೆಂದು ಪಂಡಿತರು ವ್ಯಾಖ್ಯಾನಿಸಿದರು, ವಾದ ಮುಂದೆಯೂ ನಡೆಯಿತು. ಆದರೆ ಅಲ್ಲಿಂದಾಚೆಗೆ ಅದು ಅರ್ಥದ ವಾದ, ಪಾಠದ ವಾದವಲ್ಲ.

ಹದಿನಾರನೆಯ ಸಂಪುಟ ಹೊರಬರಲು ಸುಮಾರು ಎರಡು ದಶಕಗಳೇ ಹಿಡಿದವು. ಈ ನಡುವೆ, 1948ರಲ್ಲಿ, ಪಂ. ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯನ್ನು ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು. ಮೂಡಬಿದಿರೆಯ ಭಂಡಾರಗಳಲ್ಲಿ ಯಾವ ಓಲೆಕಟ್ಟು ಇದೆಯೆಂಬುದನ್ನು ದೂರದ ವಿದ್ವಾಂಸನೂ ಹೊರಡುವ ಮೊದಲೇ ತಿಳಿಯುವಂತಾಯಿತು.