ಫ್ಲೋರೈಡ್ ಇಲ್ಲದ ನೀರು, ಹುಳುಕು ಬಿಡದ ಹಲ್ಲು

ಮಂಗಳೂರು ಬಳಿಯ ಬಜಪೆಯ ಬಾವಿಗಳು ಮುರಕಲ್ಲು ಕಡಿದು ತೋಡಿದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆ ಈ ಕೆಂಪು ಕಲ್ಲಿನ ತೂತುಗಳಲ್ಲಿ ಸರಸರನೆ ಇಳಿದು ಹೊಳೆ ಸೇರುತ್ತದೆ. ಬಂಡೆಯ ಜೊತೆ ವರ್ಷಗಟ್ಟಲೆ ಕೂತು ಅದರ ಲವಣ ಹೀರಿಕೊಳ್ಳಲು ಇಲ್ಲಿನ ನೀರಿಗೆ ಪುರುಸೊತ್ತಿಲ್ಲ. ಮಳವೂರಿನ ಕಿಂಡಿ ಅಣೆಕಟ್ಟಿನಿಂದ ನಳ್ಳಿಗೆ ಬರುವ ಫಲ್ಗುಣಿ ಹೊಳೆಯ ನೀರೂ ಮಳೆಯದ್ದೇ. ಕರಾವಳಿಯ ನೀರಿನಲ್ಲಿ ಫ್ಲೋರೈಡ್ ತೀರಾ ಕಡಿಮೆ ಇರುವುದಕ್ಕೆ ಕಾರಣ ಇದು.

ಘಟ್ಟದ ಆಚೆಗೆ ಪರಿಸ್ಥಿತಿ ತಿರುಗಿ ನಿಲ್ಲುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಕೊಳವೆಬಾವಿ ಆಳಕ್ಕಿಳಿದಷ್ಟೂ ಗ್ರಾನೈಟ್‌ನ ಫ್ಲೋರೈಡ್ ನೀರಿನೊಡನೆ ಮೇಲೆ ಬಂತು. ಮಕ್ಕಳ ಹಲ್ಲಿಗೆ ಕಂದು ಕಲೆ ಕೂತಿತು, ದೊಡ್ಡವರ ಬೆನ್ನು ಮೊಣಕಾಲು ಬಿಗಿದವು. ಹಾಗಾಗಿ ಕನ್ನಡ ಪತ್ರಿಕೆಗಳಲ್ಲಿ ಫ್ಲೋರೈಡ್ ಅಂದರೆ ವಿಷ. ಆ ಭಯ ನಿಜವಾದದ್ದು. ಆದರೆ ಆ ಒಂದೇ ಅರ್ಥ ಗಟ್ಟಿಯಾಗಿ ಉಳಿದದ್ದರಿಂದ ಕರಾವಳಿಯ ಮಗುವಿನ ದವಡೆಹಲ್ಲು ಕಪ್ಪಾದಾಗ ನಾವು ಬೈದದ್ದು ಚಾಕಲೇಟನ್ನು ಮಾತ್ರ. ಫ್ಲೋರೈಡ್ ತೀರಾ ಕಡಿಮೆಯಾದ ನೀರಿನ ಕಡೆ ಯಾರೂ ನೋಡಲಿಲ್ಲ.

ಹಲ್ಲು ಮತ್ತು ನೀರಿನ ಸಂಬಂಧ ಮೊದಲು ಗೊತ್ತಾದದ್ದೂ ಕಲೆಯಿಂದಲೇ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕ್ಕೇ ಅಲ್ಲಿ ಹುಟ್ಟಿ ಬೆಳೆದವರ ಹಲ್ಲಲ್ಲಿ ಕಂದು ಕಲೆ ಕಂಡ. ಅದರ ಬೆನ್ನು ಹತ್ತಿದ ಅವನಿಗೆ ಇನ್ನೊಂದು ವಿಚಿತ್ರವೂ ಕಂಡಿತು: ಆ ಕುರೂಪದ ಹಲ್ಲು ಸುಲಭಕ್ಕೆ ಹುಳುಕಾಗುತ್ತಿರಲಿಲ್ಲ. ಕಾರಣ ತಿಳಿಯಲು ಮೂವತ್ತು ವರ್ಷ ಹಿಡಿಯಿತು. ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಗಣಿಯೂರು ಬಾಕ್ಸೈಟ್‌ನಲ್ಲೂ ಇದೇ ಕಲೆ ಇತ್ತು. ಕಂಪನಿಯ ರಸಾಯನಜ್ಞ ಎಚ್.ವಿ. ಚರ್ಚಿಲ್ 1931ರಲ್ಲಿ ಅಲ್ಲಿನ ನೀರು ಪರೀಕ್ಷಿಸಿ ಫ್ಲೋರೈಡ್ ಕಂಡ. ನಂಬಲಾಗದೆ ಇನ್ನೊಮ್ಮೆ ನೀರು ತರಿಸಿದ. ಎರಡನೆಯ ಸಲವೂ ಅದೇ ಉತ್ತರ.

ಆಮೇಲೆ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ದಂತವೈದ್ಯ 21 ಊರುಗಳ ಏಳು ಸಾವಿರಕ್ಕೂ ಮಿಕ್ಕಿ ಮಕ್ಕಳ ಬಾಯಿ ನೋಡಿ ಒಂದು ಲೆಕ್ಕ ಕೊಟ್ಟ. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕು ಇಳಿಯುತ್ತದೆ, ಕಲೆ ಕಣ್ಣಿಗೆ ಬೀಳುವಷ್ಟು ಬರುವುದಿಲ್ಲ. 1945ರ ಜನವರಿ 25ರಂದು ಮಿಶಿಗನ್‌ನ ಗ್ರ್ಯಾಂಡ್ ರಾಪಿಡ್ಸ್ ತನ್ನ ನೀರಿಗೆ ಅಷ್ಟನ್ನು ಬೆರೆಸಿತು. ಹದಿನೈದು ವರ್ಷದಲ್ಲಿ, ಅದಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ 60ಕ್ಕೂ ಹೆಚ್ಚು ಇಳಿದಿತ್ತು. ಹೋಲಿಕೆಗೆಂದು ಹಾಗೇ ಬಿಟ್ಟಿದ್ದ ಪಕ್ಕದ ಮಸ್ಕೀಗನ್ ಊರು ಕಾಯಲಾರದೆ 1951ರಲ್ಲೇ ತಾನೂ ಫ್ಲೋರೈಡ್ ಬೆರೆಸಿಕೊಂಡಿತು. ಶುದ್ಧ ವಿಜ್ಞಾನಕ್ಕೆ ಅದು ನಷ್ಟ. ತಾಯಂದಿರ ಕಡೆಯಿಂದ ನೋಡಿದರೆ ಅರ್ಥವಾಗುವ ಆತುರ.

ಭಾರತ ಈ ಕಥೆಯನ್ನು ಇನ್ನೊಂದು ತುದಿಯಿಂದ ಓದಿತು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಗ್ಗಿದ ರೈತರನ್ನು ಶಾರ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಅಲ್ಲಿಂದ ಮುಂದೆ ನಮ್ಮ ದುಡಿಮೆಯೆಲ್ಲ ಫ್ಲೋರೈಡ್ ತೆಗೆಯುವುದಕ್ಕೆ ಹೋಯಿತು: ಪಟಿಕ, ಸುಣ್ಣ ಹಾಕುವ ನಲ್ಗೊಂಡ ವಿಧಾನ, 2008-09ರ ರಾಷ್ಟ್ರೀಯ ಫ್ಲೋರೋಸಿಸ್ ಕಾರ್ಯಕ್ರಮ, ಹಳ್ಳಿಹಳ್ಳಿಯ ಶುದ್ಧ ನೀರಿನ ಘಟಕ. ಅಮೆರಿಕ ಬೆರೆಸಲು ಆರಿಸಿದ 1 ಮಿಲಿಗ್ರಾಂ ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಮೇಲಿನ ಮಿತಿ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಬಿಡಬಹುದು. ಇದು ಸರಿಯಾದದ್ದೇ. ಸೆಕೆಯ ನಾಡಿನಲ್ಲಿ ಜನ ಹೆಚ್ಚು ನೀರು ಕುಡಿಯುತ್ತಾರೆ, ರಾಯಚೂರಿನ ಹೊಲದಲ್ಲಿ ದುಡಿಯುವವನ ಒಂದು ದಿನದ ನೀರು ಮಿಶಿಗನ್‌ನವನದ್ದಕ್ಕೆ ಸಮವಲ್ಲ.

ಆದರೆ ಹುಳುಕು ಹೋಗಲಿಲ್ಲ. 2002-03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಶೇ 53.8, 35-44ರ ವಯಸ್ಸಿನವರಲ್ಲಿ ಶೇ 80.2 ಜನರಿಗೆ ಹುಳುಕು ಇತ್ತು. ಮಾವಿನೆಲೆ, ಉಮಿಕರಿ ಬಿಟ್ಟು ಬ್ರಷ್ಷಿಗೆ ಬಂದ ನಾವು ಅದೇ ಕಾಲಕ್ಕೆ ಬೇಕರಿಗೂ ಬಂದೆವು.

ಇಷ್ಟರಲ್ಲಿ ವಿಜ್ಞಾನವೇ ದಾರಿ ಬದಲಿಸಿತ್ತು. ಹೊಟ್ಟೆಗೆ ಹೋದ ಫ್ಲೋರೈಡ್ ಬೆಳೆಯುವ ಹಲ್ಲನ್ನು ಒಳಗಿನಿಂದ ಗಟ್ಟಿ ಮಾಡುತ್ತದೆ ಎಂಬುದು ಹಳೆಯ ನಂಬಿಕೆ. 1980ರ ದಶಕದ ಹೊತ್ತಿಗೆ ತಿಳಿದದ್ದು, ಅದರ ಮುಖ್ಯ ಕೆಲಸ ಬಾಯಲ್ಲೇ ನಡೆಯುತ್ತದೆ ಎಂದು. ಸಿಹಿ ತಿಂದ ಬ್ಯಾಕ್ಟೀರಿಯಾ ಬಿಡುವ ಆಮ್ಲಕ್ಕೆ ಎನಾಮಲ್ ಕರಗುತ್ತದೆ, ಎಂಜಲಿನ ಖನಿಜ ಮತ್ತೆ ಕೂರುತ್ತದೆ. ಹಲ್ಲಿನ ಮೇಲೆ ಚೂರು ಫ್ಲೋರೈಡ್ ಇದ್ದರೆ ಕೂರುವ ಪಾಲು ಹೆಚ್ಚು. ಫ್ಲೋರೈಡ್ ಪೇಸ್ಟ್ ಮನೆಮನೆಗೆ ಬಂದ ಮೇಲೆ ನೀರಿನ ಹಿರಿಮೆ ಇಳಿಯಿತು: ಕಾಕ್ರೇನ್ ಸಂಸ್ಥೆಯ 2024ರ ಪರಿಶೀಲನೆ ಪ್ರಕಾರ 1975ರ ನಂತರದ ಅಧ್ಯಯನಗಳಲ್ಲಿ ಸಿಕ್ಕ ಲಾಭ ಮಗುವಿಗೆ ಸರಾಸರಿ ಕಾಲು ಹಾಲುಹಲ್ಲಿನಷ್ಟು. 2025ರಲ್ಲಿ ಅಮೆರಿಕದ ಯೂಟಾ ರಾಜ್ಯ ನೀರಿಗೆ ಬೆರೆಸುವುದನ್ನೇ ನಿಷೇಧಿಸಿತು. 2011ರಲ್ಲಿ ನಿಲ್ಲಿಸಿದ್ದ ಕೆನಡಾದ ಕ್ಯಾಲ್ಗರಿ ಅದೇ ವರ್ಷ ಮತ್ತೆ ಶುರು ಮಾಡಿತು. 1.5 ಮಿಲಿಗ್ರಾಂ ಮೀರಿದ ನೀರಿಗೂ ಮಕ್ಕಳ ಬುದ್ಧಿಮಟ್ಟ ಇಳಿಯುವುದಕ್ಕೂ ನಂಟಿದೆ ಎಂಬ 2024ರ ಅಮೆರಿಕದ ವರದಿಯನ್ನು ಪಾವಗಡದವರು ಗಮನವಿಟ್ಟು ಓದಬೇಕು.

ಬಜಪೆಗೆ ಈ ಜಗಳದಿಂದ ಏನೂ ಸಿಗುವುದಿಲ್ಲ. ಮನೆಗೊಂದು ಬಾವಿ ಇರುವ ಊರಲ್ಲಿ ನಳ್ಳಿಯ ನೀರಿಗೆ ಬೆರೆಸಿದರೆ ಎಷ್ಟು ಮಂದಿಗೆ ಮುಟ್ಟೀತು? ಇಲ್ಲಿನ ಹಲ್ಲಿಗೆ ಫ್ಲೋರೈಡ್ ಬರಬೇಕಾದದ್ದು ಪೇಸ್ಟಿನಿಂದ, ವೈದ್ಯರ ಕೈಯಿಂದ.

ವೈದ್ಯರಿಗೇನೂ ಬರವಿಲ್ಲ. 1965ರಲ್ಲಿ ಮಣಿಪಾಲದಲ್ಲಿ ದಂತ ಕಾಲೇಜು ಬಂತು, 1985ರಲ್ಲಿ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಸಂಸ್ಥೆ, 1987ರಲ್ಲಿ ಮಂಗಳೂರಲ್ಲೇ ಮಣಿಪಾಲದ ಇನ್ನೊಂದು. ಆಮೇಲೆ ಯೆನೆಪೋಯ, ಕುಂಟಿಕಾನದ ಎ.ಜೆ., ಮುಕ್ಕದ ಶ್ರೀನಿವಾಸ. ಬಜಪೆಯಿಂದ ಪೇಟೆಗೆ ಬಸ್ಸೂ ಇದೆ. ಕಾಲೇಜುಗಳಲ್ಲಿ ಖರ್ಚೂ ಕಡಿಮೆ. ಆದರೂ ಬೀಡಿ ಕಟ್ಟುವ ಹೆಂಗಸಿಗೆ ಒಂದು ರೂಟ್ ಕೆನಾಲ್ ಅಂದರೆ ನಾಲ್ಕಾರು ಸಲದ ಪ್ರಯಾಣ, ಅಷ್ಟು ದಿನದ ಬೀಡಿ. ಹಲ್ಲು ಕೀಳಿಸುವುದು ಒಂದೇ ದಿನದ ಕೆಲಸ. ಲವಂಗದೆಣ್ಣೆ ಹತ್ತಿ ಇಟ್ಟುಕೊಂಡು ತಿಂಗಳುಗಟ್ಟಲೆ ತಡೆದು, ತಡೆಯಲಾಗದ ದಿನ ಹೋಗಿ ಕೀಳಿಸಿಕೊಂಡು ಬರುತ್ತಾರೆ. ಮಗುವಿನ ವಿಷಯಕ್ಕೆ ಬಂದರೆ “ಹಾಲುಹಲ್ಲಲ್ವಾ, ಹೇಗೂ ಬೀಳ್ತದೆ” ಎಂಬ ಮಾತು ಸಿದ್ಧವಾಗಿರುತ್ತದೆ. ಹಿಂಬದಿಯ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡರ ವಯಸ್ಸಿಗೆ. ಐದರ ಮಗು ಆ ನೋವಿನಲ್ಲೇ ಉಣ್ಣಬೇಕು, ನಿದ್ದೆ ಮಾಡಬೇಕು, ಶಾಲೆಗೆ ಹೋಗಬೇಕು.

ರಾಜ್ಯ ಸರ್ಕಾರವೂ ಕೊನೆಯಿಂದ ಶುರು ಮಾಡಿತು. 2014ರಲ್ಲಿ ಬಂದ ದಂತಭಾಗ್ಯ ಯೋಜನೆ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಟ್ಟಿತು. ಅದರಿಂದ ಮತ್ತೆ ಅಗಿದು ಉಂಡವರ ಸಂತೋಷ ದೊಡ್ಡದು. ಆ ಹಲ್ಲುಗಳನ್ನು ನಲವತ್ತು ವರ್ಷ ಮೊದಲೇ ಉಳಿಸುವ ಕೆಲಸಕ್ಕೂ ಅಂಥದೇ ಹೆಸರು, ಅಂಥದೇ ಹಣ ಸಿಗಬೇಕಿತ್ತು.

ಹಾಗೆ ಉಳಿಸುವ ಸಾಧನ ಈಗ ಅಗ್ಗದಲ್ಲಿದೆ. ಜಪಾನಿನಲ್ಲಿ 1970ರ ಸುಮಾರಿಗೆ ಬಳಕೆಗೆ ಬಂದ ಸಿಲ್ವರ್ ಡೈಅಮೈನ್ ಫ್ಲೋರೈಡನ್ನು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕೊರೆಯಬೇಕಾಗಿಲ್ಲ, ಸೂಜಿ ಬೇಡ, ಕರೆಂಟು ಬೇಡ. ಸಣ್ಣ ಬ್ರಷ್ಷಿನಲ್ಲಿ ಒಂದು ಹನಿ ಹುಳುಕಿಗೆ ಹಚ್ಚಿದರೆ ಹೆಚ್ಚಿನ ಪಾಲು ಅಲ್ಲೇ ನಿಲ್ಲುತ್ತದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ತಾಯಿಗೆ ಮೊದಲೇ ಹೇಳಬೇಕು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗೆ ಬಂದು ಮಕ್ಕಳ ಹಲ್ಲನ್ನೂ ನೋಡುತ್ತವೆ. ಹುಳುಕು ಕಂಡರೆ ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತವೆ. ಆ ಚೀಟಿ ಹಿಡಿದು ಪೇಟೆಯ ಬಸ್ಸು ಹತ್ತಲು ಅಮ್ಮನಿಗೆ ಬಿಡುವಾಗುವುದು ಯಾವಾಗಲೋ. ತಂಡದ ಜೊತೆ ಒಬ್ಬ ದಂತವೈದ್ಯ, ಅವರ ಕೈಯಲ್ಲಿ ಆ ಒಂದು ಸೀಸೆ ಇದ್ದರೆ, ಚಿಕಿತ್ಸೆ ಅಂಗನವಾಡಿಯ ಚಾಪೆಯ ಮೇಲೆಯೇ ಮುಗಿಯುತ್ತದೆ.